ಹೊರಗಿನಿಂದ ಬಂದವರು ಜಪಾನಿನ ಜಾನಪದವನ್ನು ಕಥೆಯಾಗಿಸಬಹುದೇ?

ಜಪಾನಿನಲ್ಲಿ ನೆಲೆಸಿರುವ ನೀವು ಅಲ್ಲಿನ ಭೂತಪ್ರೇತಗಳ ಕಥೆಗಳಿಗೆ ನಿಮ್ಮ ವಲಸೆಯ ಬದುಕನ್ನು ಬೆಸೆದು ಬರೆಯಬೇಕೆಂದಿದ್ದೀರಿ, ಹೊರಗಿನವರಿಗೆ ಆ ಹಕ್ಕಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ನನಗೆ ಈ ಧೈರ್ಯ ಕೊಟ್ಟವರು ಜಪಾನಿನ ಭೂತಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ ಲಾಫ್ಕಾಡಿಯೊ ಹರ್ನ್.

ಇಂದಿನ ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ 1850ರಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತರಾಗಿ ದುಡಿದು, 1890ರಲ್ಲಿ ಜಪಾನಿಗೆ ಬಂದವರು ಅವರು. ಮಾತ್ಸುಯೆ ಊರಿನಲ್ಲಿ ಇಂಗ್ಲಿಷ್ ಮೇಷ್ಟರಾದರು. ಸಮುರಾಯ್ ಮನೆತನದ ಸೆತ್ಸು ಅವರನ್ನು ವರಿಸಿ, 1896ರಲ್ಲಿ ಅಲ್ಲಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂದು ಹೆಸರಿಟ್ಟುಕೊಂಡರು.

ಹಳೆಯ ಜಪಾನಿ ಗ್ರಂಥಗಳನ್ನು ತಾವೇ ಓದುವಷ್ಟು ಭಾಷೆ ಅವರಿಗೆ ಒಲಿದಿರಲಿಲ್ಲ. ಸೆತ್ಸು ಹಳೆಯ ಪುಸ್ತಕಗಳನ್ನು ಹುಡುಕಿ ತಂದು ಓದಿ, ರಾತ್ರಿ ಹೇಳುತ್ತಿದ್ದರು. ಆದರೆ ಪುಸ್ತಕ ನೋಡಿ ಹೇಳುವುದಕ್ಕೆ ಹರ್ನ್ ಬಿಡುತ್ತಿರಲಿಲ್ಲ. ಅವಳದೇ ಮಾತಿನಲ್ಲಿ, ಅವಳಿಗೆ ಅನ್ನಿಸಿದಂತೆಯೇ ಬರಬೇಕು. ಕುರುಡು ಗಾಯಕ ಹೋಯಿಚಿಯ ಕಥೆ ಬರೆಯುತ್ತಿದ್ದಾಗ ಕತ್ತಲಾದರೂ ಅವರು ದೀಪ ಹಚ್ಚಲಿಲ್ಲವಂತೆ. ಸೆತ್ಸು ಪಕ್ಕದ ಕೋಣೆಯಿಂದ ಮೆಲುದನಿಯಲ್ಲಿ ಗಾಯಕನ ಹೆಸರು ಹಿಡಿದು ಕರೆದರೆ, ನಾನು ಕುರುಡ, ನೀವು ಯಾರು ಎಂದು ಒಳಗಿನಿಂದ ಉತ್ತರ ಬಂತು. ಹದಿಹರೆಯದಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದವರು ಹರ್ನ್. ಈ ಪ್ರಸಂಗವನ್ನು ಸೆತ್ಸು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ, ನನಗೆ ಪದೇ ಪದೇ ಓದಬೇಕೆನಿಸುವ ಭಾಗ ಅದು.

ವಲಸೆಯ ಅನುಭವ ಕಥೆಯೊಳಗೆ ಹೀಗೇ ನುಗ್ಗುತ್ತದೆ. ಅದನ್ನು ತಂದು ತುರುಕಬೇಕಿಲ್ಲ. ಅವರ ಹಿಮಕನ್ಯೆ ಯುಕಿ-ಒನ್ನಾಳನ್ನೇ ನೋಡಿ: ಗಂಡ ಮಾತಿಗೆ ತಪ್ಪಿದಾಗ ಅವನನ್ನು ಕೊಲ್ಲಬಹುದಿತ್ತು, ಮಲಗಿದ್ದ ಮಕ್ಕಳ ಮುಖ ನೋಡಿ ಬಿಟ್ಟು ಮಾಯವಾಗುತ್ತಾಳೆ. ಹರ್ನ್ ಅವರ ಗ್ರೀಕ್ ತಾಯಿ ರೋಸಾ ಡಬ್ಲಿನ್ ಬಿಟ್ಟು ಹೋದಾಗ ಮಗುವಿಗೆ ನಾಲ್ಕೇ ವರ್ಷ. ಎರಡಕ್ಕೂ ನಂಟಿದೆ ಎಂದು ಅವರು ಹೇಳಿಕೊಂಡದ್ದಲ್ಲ, ಇದು ನನ್ನ ಓದು. ಆದರೂ ಮಕ್ಕಳನ್ನು ಬಿಟ್ಟು ಹೋಗುವ ಆ ಹಿಮಕನ್ಯೆಯ ಬಗ್ಗೆ ಕಥೆಯಲ್ಲಿ ಒಂದಿಷ್ಟೂ ಕಹಿ ಇಲ್ಲದಿರುವುದು ನನ್ನನ್ನು ಕಾಡುತ್ತದೆ.

ಆದ್ದರಿಂದ ನರಿಯ ಮುಖವಾಡ, ಕೆಂಪು ದ್ವಾರ, ಚೆರ್ರಿ ಹೂವುಗಳನ್ನು ಪುಟದ ತುಂಬ ಚೆಲ್ಲಬೇಡಿ. ಆ ಕಥೆಗೆ ನಿಜವಾಗಿ ಹೆದರುವವರೊಬ್ಬರ ಬಾಯಿಂದ ಅದನ್ನು ಕೇಳಿ, ನಡುನಡುವೆ ಪ್ರಶ್ನೆ ಹಾಕಿ. ಹಿಮಕನ್ಯೆಯ ಕಥೆಯನ್ನು ಹರ್ನ್‌ಗೆ ಹೇಳಿದವನು ನಿಶಿತಾಮಾ ಸೀಮೆಯ ಚೋಫು ಹಳ್ಳಿಯ ರೈತ. ಆ ಹಳ್ಳಿ ಇಂದು ಟೋಕಿಯೊದ ಓಮೆ ನಗರದೊಳಗೆ ಸೇರಿದೆ. ಟೋಕಿಯೊ ಕಡೆ ಇದ್ದರೆ ಮೊದಲು ಅಲ್ಲಿಗೇ ಹೋಗಿ, ಹಳಬರನ್ನು ಮಾತಿಗೆಳೆಯಿರಿ.