ಒಂದೇ ಮಡಿಯಲ್ಲಿ ಬಿತ್ತಿದ ಶ್ರೀಗಂಧ, ಮೊಳಕೆ ಮಾತ್ರ ಏಕೆ ಬೇರೆ ಬೇರೆ?

ಪ್ರಶ್ನೆ: ನಮ್ಮ ಹೊಲದ ಬದುಗಳಲ್ಲಿ ದೂರ ದೂರಕ್ಕೆ ಕೆಲವು ಶ್ರೀಗಂಧದ ಮರಗಳಿವೆ; ಹಳ್ಳದ ದಂಡೆಯಲ್ಲಿ ಐದಾರು ಮರಗಳು ಒತ್ತಾಗಿ ಬೆಳೆದಿವೆ. ಬದುವಿನ ಒಂದು ಮರದ ಬೀಜವನ್ನೂ ಹಳ್ಳದ ಒಂದು ಮರದ ಬೀಜವನ್ನೂ ಒಂದೇ ದಿನ, ಒಂದೇ ಮಡಿಯಲ್ಲಿ ಹಾಕಿದೆ. ಮೊದಲನೆಯದರಲ್ಲಿ ಮುಕ್ಕಾಲು ಪಾಲು ಮೊಳೆತವು. ಎರಡನೆಯದರಲ್ಲಿ ಕಾಲು ಭಾಗವೂ ಏಳಲಿಲ್ಲ. ಎದ್ದ ಸಸಿಗಳೂ ಗಿಡ್ಡವಾಗಿವೆ. ಇದು ಮರದ ತಳಿಗುಣವೇ? ಇನ್ನು ಮುಂದೆ ಬದುವಿನ ಆ ಒಂದು ಮರದ ಬೀಜವನ್ನಷ್ಟೇ ಬಳಸಲೇ?
– ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ತಳಿಗುಣದ ಪಾಲು ಇರಬಹುದು, ಆದರೆ ನೀವು ಕಂಡ ವ್ಯತ್ಯಾಸವನ್ನೆಲ್ಲ ಅದರ ಲೆಕ್ಕಕ್ಕೇ ಬರೆಯಬೇಡಿ. ಶ್ರೀಗಂಧದ ಬೀಜವೆಂದು ನಾವು ಬಿತ್ತುವುದು ಹಣ್ಣಿನ ಕಪ್ಪು ತಿರುಳನ್ನು ತೊಳೆದ ಮೇಲೆ ಉಳಿಯುವ ಗಟ್ಟಿ ಗೊರಟೆಯನ್ನು. ಅದರ ಚಿಪ್ಪು ಪೂರ್ತಿಯಾಗಿ ತಾಯಿಮರದ ಅಂಗಾಂಶ. ಒಳಗಿನ ಭ್ರೂಣದಲ್ಲಿ ಮಾತ್ರ ತಾಯಿಯದು ಅರ್ಧ, ಪರಾಗ ಕೊಟ್ಟ ಮರದ್ದು ಅರ್ಧ. ಆದ್ದರಿಂದ ಚಿಪ್ಪು ದಪ್ಪವಾಗಿ ನೀರು ತಡವಾಗಿ ಇಳಿದರೆ ಅದು ತಾಯಿಯ ಗುಣ, ಭ್ರೂಣವೇ ದುರ್ಬಲವಾಗಿದ್ದರೆ ಅದಕ್ಕೆ ತಂದೆ ತಾಯಿ ಇಬ್ಬರೂ ಕಾರಣ. ಮೊಳಕೆಯೊಡೆದ ಗೊರಟೆಯನ್ನು ಹತ್ತಿರದಿಂದ ನೋಡಿ: ಬಾಗಿದ ಎಳೆಕಾಂಡವು ಚಿಪ್ಪನ್ನು ಟೋಪಿಯಂತೆ ಮೇಲಕ್ಕೆತ್ತಿಕೊಂಡು ಏಳುತ್ತದೆ, ಅದರೊಳಗಿನ ಆಹಾರವನ್ನು ಹೀರಿ ಮುಗಿಸಿದ ಮೇಲಷ್ಟೇ ಅದು ಕಳಚುತ್ತದೆ. ಆ ಬುತ್ತಿ ದೊಡ್ಡದಾಗಿದ್ದ ಸಸಿ ಮೊದಲ ತಿಂಗಳುಗಳಲ್ಲಿ ಎತ್ತರವಾಗಿ ಕಾಣುವುದು ಸಹಜ. ತಾಯಿಮರಕ್ಕೆ ಸಿಕ್ಕ ನೀರು, ಗೊಬ್ಬರ, ಬಿಸಿಲು ಕೂಡ ಬುತ್ತಿಯ ಗಾತ್ರವನ್ನು ನಿರ್ಧರಿಸುತ್ತವೆಯಾದ್ದರಿಂದ ಈ ಎತ್ತರ ಆನುವಂಶಿಕವೇ ಆಗಿರಬೇಕೆಂದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ನಿಂತದ್ದು ಹಳ್ಳದ ದಂಡೆಯ ಗುಂಪಿನ ಮೇಲೆ. ಶ್ರೀಗಂಧದ ಬೇರಿಗೆ ಪೆಟ್ಟಾದಲ್ಲಿ ಹೊಸ ಚಿಗುರು ಎದ್ದು ಮರವಾಗುತ್ತದೆ. ಹಾಗೆ ಹುಟ್ಟಿದ್ದರೆ, ಕಣ್ಣಿಗೆ ಆರು ಮರಗಳಾದರೂ ಆನುವಂಶಿಕವಾಗಿ ಅದು ಒಂದೇ ಮರ. ಜೇನು, ನೊಣಗಳು ಅವುಗಳ ನಡುವೆ ಪರಾಗ ಹಂಚಿದರೆ ಅದು ಸ್ವಕೀಯ ಪರಾಗಸ್ಪರ್ಶಕ್ಕೆ, ಅಂದರೆ ಮರ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಕ್ಕೆ, ಸಮ. ಬಹುಪಾಲು ಪರಕೀಯ ಪರಾಗಸ್ಪರ್ಶವನ್ನೇ (ಬೇರೆ ಮರದ ಪರಾಗವನ್ನೇ) ನೆಚ್ಚಿಕೊಂಡ ಇಂಥ ಮರಗಳಲ್ಲಿ ಸ್ವಕೀಯ ಪರಾಗದಿಂದ ಕಾಯಿ ಕಡಿಮೆ ಕಟ್ಟುತ್ತದೆ, ಕಟ್ಟಿದ ಬೀಜದಲ್ಲಿ ಜೊಳ್ಳು ಹೆಚ್ಚು, ಸಸಿಗಳು ಸೊರಗುತ್ತವೆ. ಅಂದರೆ ಆ ಮರದ ತಳಿ ಒಳ್ಳೆಯದೇ ಆಗಿದ್ದು, ಅದಕ್ಕೆ ಬೇರೆ ಮರದ ಪರಾಗ ಸಿಗದಿರುವುದೇ ತೊಂದರೆಯಾಗಿರಬಹುದು. ಬುಡದ ಮಣ್ಣನ್ನು ಮೆಲ್ಲನೆ ಕೆದಕಿ, ಬೇರುಗಳು ಒಂದರಿಂದೊಂದು ಹೊರಟಿವೆಯೇ ಎಂದು ನೋಡಿದರೆ ಸುಳಿವು ಸಿಗುತ್ತದೆ.

ತೀರ್ಮಾನಕ್ಕೆ ಬರುವ ಮುನ್ನ ಇನ್ನೊಮ್ಮೆ, ಕನಿಷ್ಠ ನಾಲ್ಕೈದು ತಾಯಿಮರಗಳಿಂದ ಬಿತ್ತಿ ನೋಡಿ. ಕಪ್ಪಾಗಿ ಮಾಗಿದ ಹಣ್ಣನ್ನೇ ಆಯ್ದು, ತಿರುಳು ತೊಳೆದು ನೆರಳಲ್ಲಿ ಒಣಗಿಸಿ, ಪ್ರತಿ ಮರದ ಬೀಜವನ್ನು ಬೇರೆಯಾಗಿಯೇ ಇಡಿ. ಶ್ರೀಗಂಧದ ಬೀಜಕ್ಕೆ ಸುಮಾರು 2 ತಿಂಗಳ ಸುಪ್ತಾವಸ್ಥೆ ಇರುವುದರಿಂದ, ಒಂದು ಮರದ ಹಳೆಯ ಬೀಜವನ್ನು ಇನ್ನೊಂದರ ಹೊಸ ಬೀಜದೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮೊಳಕೆಯನ್ನು ಪ್ರಚೋದಿಸುವ ಸಸ್ಯ ಹಾರ್ಮೋನಾದ ಜಿಬ್ಬರೆಲಿಕ್ ಆಮ್ಲದ ಶೇ. 0.05ರ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸುವುದಾದರೆ ಎಲ್ಲವನ್ನೂ ನೆನೆಸಿ. ಪ್ರತಿ ಮರದ 100 ಬೀಜಗಳನ್ನು 25ರಂತೆ ನಾಲ್ಕು ಪಾಲು ಮಾಡಿ, ಮಡಿಯ ನಾಲ್ಕು ಕಡೆ ಚೀಟಿ ಎತ್ತಿ ಜಾಗ ಹಂಚಿ; ಮಡಿಯ ಒಂದು ಮೂಲೆಯ ತೇವ ಅಥವಾ ನೆರಳು ಒಂದೇ ಮರದ ಪಾಲಿಗೆ ಹೋಗಬಾರದು. ಸಸಿಗಳನ್ನು ಚೀಲಕ್ಕೆ ಬದಲಿಸಿದ ಮೇಲೆ ಆಸರೆ ಗಿಡದ ಪ್ರಶ್ನೆ ಬರುತ್ತದೆ. ಶ್ರೀಗಂಧ ಅರೆಪರಾವಲಂಬಿ, ಚೀಲದಲ್ಲಿ ಆಸರೆಗೆಂದು ಜೊತೆಗೆ ಬೆಳೆಸುವ ತೊಗರಿಯ ಬೇರಿನಿಂದ ನೀರು, ಪೋಷಕಾಂಶ ಹೀರುತ್ತದೆ. ಒಂದು ಚೀಲದಲ್ಲಿ ತೊಗರಿ ಹುಲುಸಾಗಿದ್ದು ಇನ್ನೊಂದರಲ್ಲಿ ಬಾಡಿದ್ದರೆ ನೀವು ಅಳೆಯುವುದು ಶ್ರೀಗಂಧದ ತಳಿಯನ್ನಲ್ಲ, ತೊಗರಿಯ ಆರೋಗ್ಯವನ್ನು.

ತಡವಾಗಿ ಮೊಳೆತ ಸಸಿಗಳನ್ನು ದಯವಿಟ್ಟು ಕಿತ್ತೆಸೆಯಬೇಡಿ. ಕಾಡಿನಲ್ಲಿ ಎಲ್ಲ ಬೀಜಗಳೂ ಮೊದಲ ಮಳೆಗೇ ಮೊಳೆತರೆ, ಆಮೇಲಿನ ಬಿಸಿಲಿಗೆ ಎಲ್ಲವೂ ಒಣಗಬಹುದು. ವಾರಗಟ್ಟಲೆ ಹಿಂದುಮುಂದಾಗಿ ಮೊಳೆಯುವುದು ಆ ಮರಕ್ಕೆ ರಕ್ಷಣೆ. ನರ್ಸರಿಯಲ್ಲಿ ಬೇಗ ಎದ್ದವನ್ನೇ ಆರಿಸುತ್ತ ಹೋದರೆ ಆ ವೈವಿಧ್ಯ ನಮಗೆ ಗೊತ್ತಿಲ್ಲದೆಯೇ ಸವೆಯುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ. ಒಂದೇ ತಾಯಿಯ ಸಸಿಗಳೆಲ್ಲ ಒಡಹುಟ್ಟಿದವು ಅಥವಾ ಅರೆ ಒಡಹುಟ್ಟಿದವು. ಮುಂದೆ ಅವು ತಮ್ಮೊಳಗೇ ಕೂಡಿ ಕಟ್ಟುವ ಬೀಜಕ್ಕೆ ಹಳ್ಳದ ದಂಡೆಯ ಗತಿಯೇ ಬರಬಹುದು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ, ಎಲೆಗಳು ಕಿರಿದಾಗಿ ಮರವೇ ಸಾಯುವ ಸ್ಪೈಕ್ ರೋಗ ಇಂದಿಗೂ ಶ್ರೀಗಂಧವನ್ನು ಕಾಡುತ್ತಿರುವಾಗ, ಇಡೀ ತೋಟವನ್ನು ಒಂದೇ ಕುಟುಂಬದಿಂದ ತುಂಬುವುದು ಅಪಾಯ. ಜೊತೆಗೆ ಆರು ತಿಂಗಳ ಸಸಿಯ ಎತ್ತರ ನೋಡಿ, ಹತ್ತಾರು ವರ್ಷಗಳ ನಂತರ ಅದರಲ್ಲಿ ಎಷ್ಟು ಚೇಗು (ಸುವಾಸನೆಯ ಒಳಮರ) ಕೂಡೀತು, ಎಷ್ಟು ಎಣ್ಣೆ ಬಂದೀತು ಎಂದು ಹೇಳಲಾಗದು. ಬದುವಿನ ಮರದಿಂದ ಒಂದು ಪಾಲು ಇರಲಿ. ಉಳಿದದ್ದನ್ನು ದೂರದೂರದ, ಆರೋಗ್ಯವಾದ ಹತ್ತಾರು ಮರಗಳಿಂದ ತನ್ನಿ, ಪ್ರತಿ ಚೀಲಕ್ಕೂ ತಾಯಿಮರದ ಸಂಖ್ಯೆ ಮತ್ತು ಬೀಜ ಆಯ್ದ ದಿನಾಂಕ ಬರೆದ ಚೀಟಿ ಕಟ್ಟಿ.