ಕರಪತ್ರ ನಿಮ್ಮ ಕೈಯಲ್ಲೇ ಇತ್ತಲ್ಲ, ಅದನ್ನೇ ಬರೆಯಿರಿ

ನಮಸ್ಕಾರ,

ಚುನಾವಣಾ ಪ್ರಚಾರದ ತಂತ್ರಗಳ ಬಗ್ಗೆ ನೀವು ಕಳಿಸಿದ ಎಂಟು ಪುಟದ ಲೇಖನ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬರೆಯುವ ಕೈ ನಿಮಗಿದೆ, ವಿಷಯವೂ ಒಳ್ಳೆಯದೇ. ಆದರೆ ಮೊದಲ ಐದು ಪುಟ ಮಡಿಕೇರಿಯಲ್ಲಿ ಕೂತವರೇ ಬರೆಯಬೇಕು ಅಂತೇನಿಲ್ಲ.

ಆ ಐದು ಪುಟದಲ್ಲಿ ಇರುವುದೇನು? 1937ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆಯವರು ಪಟ್ಟಿ ಮಾಡಿದ ಏಳು ತಂತ್ರಗಳು. ಎದುರಾಳಿಗೆ ಕೆಟ್ಟ ಹೆಸರು ಅಂಟಿಸುವುದು, ಹೊಳೆಯುವ ಟೊಳ್ಳು ಮಾತು, ದೊಡ್ಡವರಿಂದ ಹೊಗಳಿಸಿಕೊಳ್ಳುವುದು, ‘ನಾನೂ ನಿಮ್ಮ ಹಾಗೇ ಬಡವ’ ಅನ್ನುವುದು, ‘ಊರೆಲ್ಲ ನಮ್ಮ ಕಡೆ’ ಅನ್ನುವುದು, ಹೀಗೆ. ತಪ್ಪೇನೂ ಬರೆದಿಲ್ಲ. ಆ ಸಂಸ್ಥೆ 1942ರಲ್ಲಿ ಬಾಗಿಲು ಹಾಕಿತು, ಪಟ್ಟಿ ಮಾತ್ರ ಇವತ್ತಿಗೂ ಕಾಲೇಜು ನೋಟ್ಸ್‌ಗಳಲ್ಲಿ ಓಡಾಡುತ್ತಿದೆ. ನಿಮ್ಮ ಉದಾಹರಣೆಗಳೋ, ಎಲ್ಲ ಕಡೆ ‘ಒಬ್ಬ ನಾಯಕರು’, ‘ಒಂದು ಭಾಷಣದಲ್ಲಿ’. ಯಾರು, ಎಲ್ಲಿ, ಏನಂದರು?

ಇಷ್ಟಾದ ಮೇಲೆ ಆರನೇ ಪುಟದಲ್ಲಿ ಒಂದು ಕರಪತ್ರದ ಮಾತು ಬರುತ್ತೆ. ‘ನಮ್ಮ ಅವಧಿಯಲ್ಲಿ ಕಾಫಿಗೆ ಬಂಗಾರದ ಬೆಲೆ.’ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ!

ಅದನ್ನು ಬಿಡಿಸಿ ನೋಡಿ. 2024ರಲ್ಲಿ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ ಕಾಫಿ, 50 ಕಿಲೋ ಚೀಲಕ್ಕೆ 10 ಸಾವಿರ ರೂಪಾಯಿ ದಾಟಿದ್ದು ನಿಜ. ಅಂದರೆ ಕರಪತ್ರದಲ್ಲಿ ಸುಳ್ಳಿಲ್ಲ. ಬೆಲೆ ಏರಿದ್ದು ಯಾಕೆ? ವಿಯೆಟ್ನಾಂನಲ್ಲಿ ಬರ ಬಿದ್ದು ಫಸಲು ಕಡಿಮೆಯಾಯಿತು, ಲಂಡನ್ ಮಾರುಕಟ್ಟೆಯಲ್ಲಿ ದರ ಹಾರಿತು. ಇದು ನಮ್ಮ ಬೆಳೆಗಾರರಿಗೆ ಗೊತ್ತಿಲ್ಲದ್ದಲ್ಲ, ಲಂಡನ್ ದರ ನೋಡದೆ ಚೆರಿ ಮಾರುವವರು ಈಗ ಕಡಿಮೆ. ಆದರೂ ಆ ಸಾಲು ಕೆಲಸ ಮಾಡುತ್ತೆ. ಯಾಕಂದರೆ ‘ನಮ್ಮಿಂದ ಬೆಲೆ ಏರಿತು’ ಅಂತ ಅವರು ಎಲ್ಲೂ ಹೇಳಿಲ್ಲ, ‘ನಮ್ಮ ಅವಧಿಯಲ್ಲಿ’ ಅಂದಿದ್ದಾರೆ ಅಷ್ಟೇ. ಮಿಕ್ಕಿದ್ದನ್ನು ಓದುವವರೇ ಜೋಡಿಸಿಕೊಳ್ಳುತ್ತಾರೆ, ಮತ್ತು ತಾನೇ ಜೋಡಿಸಿಕೊಂಡ ಮಾತನ್ನು ಯಾರೂ ಬೇಗ ಅನುಮಾನಿಸುವುದಿಲ್ಲ, ಅಲ್ವಾ? ಇನ್ನು ಹೇಳದೆ ಬಿಟ್ಟಿದ್ದೇನು ಅಂತ ಹುಡುಕಿ. ಚೆರಿ 10 ಸಾವಿರ ದಾಟಿದ್ದು ಏಪ್ರಿಲ್ ಹೊತ್ತಿಗೆ, ಕೊಯ್ಲು ಮುಗಿದ ಮೇಲೆ. ಸಾಲ ತೀರಿಸಲು ಕಣದಿಂದಲೇ ಮಾರಿದ ಸಣ್ಣ ಬೆಳೆಗಾರರಿಗೆ ಸಿಕ್ಕಿದ್ದೆಷ್ಟು? ನಿಮ್ಮೂರಲ್ಲೇ ನಾಲ್ಕು ಜನರನ್ನು ಕೇಳಿ ಬನ್ನಿ. ಹಾಗೇ ದರ ಬಿದ್ದ ವರ್ಷದ ಕರಪತ್ರ ಸಿಕ್ಕರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ. ಆಗ ‘ನಮ್ಮ ಅವಧಿ’ ಇರುವುದಿಲ್ಲ, ‘ಅಂತಾರಾಷ್ಟ್ರೀಯ ಮಾರುಕಟ್ಟೆ’ ಬಂದಿರುತ್ತೆ.

ಆ ಕರಪತ್ರದ ಅಡಿಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇದೆಯಾ? 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಇರಲೇಬೇಕು. ವಾಟ್ಸಾಪ್ ಫಾರ್ವರ್ಡ್‌ಗೆ ಅಂಥ ಅಡಿಸಾಲೇ ಇರುವುದಿಲ್ಲ. ಅದು ಮಾವನಿಂದಲೋ ಪಕ್ಕದ ತೋಟದವರಿಂದಲೋ ಬರುತ್ತೆ, ನಾವು ಮಾವನನ್ನು ನಂಬುತ್ತೇವೆ, ಬರೆದವರು ಯಾರು ಅಂತ ಕೇಳುವುದೇ ಇಲ್ಲ. ಇದರ ಬಗ್ಗೆ ಒಂದು ಪ್ಯಾರಾ ಬೇಕು.

ಈಗ ಸ್ವಲ್ಪ ಖಾರದ ಮಾತು. ನೀವು ಬೈದ ತಂತ್ರಗಳನ್ನು ನೀವೇ ಬಳಸಿದ್ದೀರಿ. ಮತದಾರರನ್ನು ‘ಕುರಿಮಂದೆ’ ಅಂದಿದ್ದೀರಿ, ಅದು ಹೆಸರು ಅಂಟಿಸುವುದಲ್ಲದೆ ಇನ್ನೇನು? ‘ಎಲ್ಲರಿಗೂ ಗೊತ್ತಿರುವಂತೆ’ ಅನ್ನುವುದು ಪುಟಕ್ಕೊಮ್ಮೆ ಬರುತ್ತೆ. ಪಕ್ಷದ ಹೆಸರು ಬರೆಯದಿದ್ದರೂ ನಿಮ್ಮ ಬೆರಳು ಏಳೂ ಸಲ ಒಂದೇ ಕಡೆ ತೋರಿಸುತ್ತಿದೆ, ಓದುಗರು ದಡ್ಡರಲ್ಲ. ನೀವು ಓಟು ಹಾಕುವ ಪಕ್ಷದ ಒಂದು ಕರಪತ್ರವನ್ನೂ ಇದೇ ರೀತಿ ಬಿಡಿಸಿ. ಕಷ್ಟ ಆಗುತ್ತೆ, ಮಾಡಿ.

‘ಮನವೊಲಿಸುವುದೆಲ್ಲ ಮೋಸ’ ಅನ್ನುವ ಸಾಲು ತೆಗೆದುಬಿಡಿ. ಕೊಡಗು ಬೇರೆ ರಾಜ್ಯವಾಗಿದ್ದಾಗ 1952ರಲ್ಲಿ ನಡೆದ ಚುನಾವಣೆ ನೆನಪಿಸಿಕೊಳ್ಳಿ. ಸಿ.ಎಂ. ಪೂಣಚ್ಚ ಅವರಿದ್ದ ಕಾಂಗ್ರೆಸ್ ಮೈಸೂರಿನ ಜೊತೆ ವಿಲೀನದ ಪರ, ಪಂದ್ಯಂಡ ಬೆಳ್ಯಪ್ಪ ಅವರ ತಕ್ಕಡಿ ಪಕ್ಷ ವಿರೋಧ. 24 ಸ್ಥಾನದಲ್ಲಿ 15 ಕಾಂಗ್ರೆಸ್ಸಿಗೆ, 9 ತಕ್ಕಡಿಗೆ. ತಕ್ಕಡಿ ಅವರ ಚುನಾವಣಾ ಗುರುತು. ಅದನ್ನು ನೋಡಿದರೆ ನ್ಯಾಯ ನೆನಪಾಗುತ್ತೆ, ನಿಮ್ಮ ಪಟ್ಟಿಯ ಲೆಕ್ಕದಲ್ಲಿ ಅದೂ ತಂತ್ರವೇ. ಆದರೆ ಸೇರಬೇಕಾ ಬೇಡವಾ ಅನ್ನುವ ಪ್ರಶ್ನೆ ಜನರ ಮುಂದೆ ನೇರವಾಗಿ ಇತ್ತು. ಗುರುತು ಪ್ರಶ್ನೆಯನ್ನು ನೆನಪಿಸುತ್ತಾ, ಇಲ್ಲ ಮರೆಸುತ್ತಾ? ನೀವು ಬರೆಯಬೇಕಾದ ವ್ಯತ್ಯಾಸ ಅದು.

ಏಳನೇ ಪುಟದ ಪ್ರಚಾರದ ಆಟೋ ಚೆನ್ನಾಗಿದೆ, ಮುಟ್ಟಬೇಡಿ. ಗೋಣಿಕೊಪ್ಪ ಸಂತೆಯಲ್ಲಿ ‘ಬೆಳೆಗಾರರ ಹಿತ’ ಅಂತ ಕೂಗಿದ ಅದೇ ಮೈಕು ತೋಟದ ಕಾರ್ಮಿಕರ ಲೈನ್‌ಮನೆಗಳ ಹತ್ತಿರ ಹೋದಾಗ ‘ನಿಮಗೆ ಹಕ್ಕುಪತ್ರ’ ಅನ್ನುತ್ತೆ. ಆದರೆ ‘ಹೀಗೆ ಜನರನ್ನು ಮರುಳು ಮಾಡುತ್ತಾರೆ’ ಅಂತ ಕೊನೆಗೆ ಸೇರಿಸಿದ್ದು ಬೇಡ. ಎರಡು ಭರವಸೆಯೂ ಒಟ್ಟಿಗೆ ನಡೆಯುವಂಥದ್ದೇ ಇರಬಹುದು, ಅಭ್ಯರ್ಥಿ ಕಡೆಯವರನ್ನು ಕೇಳಿ, ಅವರ ಉತ್ತರವನ್ನೂ ಹಾಕಿ.

ಮೂರು ಪುಟದೊಳಗೆ ಮುಗಿಸಿ ಕಳಿಸಿ, ಮುಂದಿನ ತಿಂಗಳ ಸಂಚಿಕೆಗೆ ನೋಡೋಣ. ಕರಪತ್ರದ ಎರಡೂ ಬದಿಯ ಫೋಟೋ ಬೇಕು. ವಾಟ್ಸಾಪ್ ಸ್ಕ್ರೀನ್‌ಶಾಟ್ ಹಾಕುವುದಾದರೆ ಕಳಿಸಿದವರ ಹೆಸರು, ನಂಬರ್ ಅಳಿಸಿ ಕಳಿಸಿ.