ಓದುಗರ ಪ್ರಶ್ನೆ: ಎಂಟು ಟನ್ ಗೋಧಿ, ಎರಡು ಟನ್ ಗೋಧಿ

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹೆಕ್ಟೇರಿಗೆ ಸುಮಾರು ಎಂಟು ಟನ್ ಗೋಧಿ, ಆಸ್ಟ್ರೇಲಿಯಾದಲ್ಲಿ ಎರಡರ ಆಸುಪಾಸು. ಅಷ್ಟು ದೊಡ್ಡ ಯಂತ್ರಗಳಿದ್ದೂ ಆಸ್ಟ್ರೇಲಿಯಾದವರು ಹಿಂದೆ ಬಿದ್ದದ್ದೇಕೆ?

ಉತ್ತರ: ಅವರು ಹಿಂದೆ ಬಿದ್ದಿಲ್ಲ. ಇಂಗ್ಲೆಂಡಿನ ಗೋಧಿ ಹತ್ತು ತಿಂಗಳು ಹೊಲದಲ್ಲಿದ್ದು, ತಂಪಿನಲ್ಲಿ ನಿಧಾನವಾಗಿ ಕಾಳು ಕಟ್ಟುತ್ತದೆ. ಆಸ್ಟ್ರೇಲಿಯಾದ್ದು ಆರೇಳು ತಿಂಗಳ ಮಳೆಯಾಶ್ರಿತ ಬೆಳೆ. ಕಾಳು ತುಂಬುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಹಾಗಾಗಿ ಅಲ್ಲಿ ನೆಲಕ್ಕಿಂತ ನೀರನ್ನು ಲೆಕ್ಕ ಹಿಡಿಯುವುದೇ ಸರಿ. ದಕ್ಷಿಣ ಆಸ್ಟ್ರೇಲಿಯಾದ ಹೊಲಗಳನ್ನು ಅಳೆದು ಫ್ರೆಂಚ್ ಮತ್ತು ಶುಲ್ಟ್ಸ್ ಎಂಬ ಇಬ್ಬರು ಸಂಶೋಧಕರು 1984ರಲ್ಲಿ ಕೊಟ್ಟ ಸೂತ್ರ ಹೀಗಿದೆ: ಬೆಳೆಯ ಅವಧಿಯ ಮಳೆಯಲ್ಲಿ 110 ಮಿ.ಮೀ. ಆವಿಯೆಂದು ಕಳೆಯಿರಿ, ಉಳಿದ ಪ್ರತಿ ಮಿ.ಮೀ.ಗೆ ಹೆಕ್ಟೇರಿಗೆ 20 ಕಿಲೋ ಎಂದು ಗುಣಿಸಿ. 250 ಮಿ.ಮೀ. ಮಳೆಗೆ ಬರುವ ಮೇಲ್ಮಿತಿ 2,800 ಕಿಲೋ. ಅದರಲ್ಲಿ 2,200 ಕಿಲೋ ತೆಗೆದವನು ಜಾಣ ರೈತನೇ.

ಪ್ರಶ್ನೆ: ಉಳದೆ ಬಿತ್ತಿದರೆ ಮಣ್ಣು ಉಳಿಯುತ್ತದಲ್ಲ, ಎಲ್ಲ ಕಡೆ ಯಾಕೆ ಮಾಡುವುದಿಲ್ಲ?

ಉತ್ತರ: ಒಣ ಪ್ರದೇಶದಲ್ಲಿ ಅದರ ಲಾಭ ಕೂಡಲೇ ಕಾಣುತ್ತದೆ. ಪ್ರತಿ ಉಳುಮೆಗೂ ತೇವ ಹಾರುತ್ತದೆ, ಪುಡಿಯಾದ ಬರಿ ಮಣ್ಣು ಗಾಳಿಗೆ ಏಳುತ್ತದೆ. 1930ರ ದಶಕದ ಬರದಲ್ಲಿ ಅಮೆರಿಕದ ಬಯಲುಸೀಮೆಯಿಂದ ಎದ್ದ ಧೂಳು ಅದೇ. ಬಿತ್ತಿದ ಮೇಲೂ ನೆಲದ ಕನಿಷ್ಠ ಶೇ. 30 ಭಾಗ ಕೂಳೆ, ಹುಲ್ಲಿನಿಂದ ಮುಚ್ಚಿರಬೇಕು. ಕಣ್ಣಂದಾಜು ನಂಬಬೇಡಿ, ಅದು ಸದಾ ಹೆಚ್ಚೇ ಹೇಳುತ್ತದೆ. ಸಮದೂರದಲ್ಲಿ ನೂರು ಗಂಟು ಹಾಕಿದ ಹಗ್ಗವನ್ನು ಸಾಲುಗಳಿಗೆ ಓರೆಯಾಗಿ ಎಳೆದು, ಎಷ್ಟು ಗಂಟಿನಡಿ ಹುಲ್ಲಿದೆಯೆಂದು ಎಣಿಸಿ. ಬಂದ ಸಂಖ್ಯೆಯೇ ಶೇಕಡಾವಾರು.

ತಂಪು ಜಿಗುಟು ಮಣ್ಣಿನಲ್ಲಿ ಇದೇ ಹೊದಿಕೆ ತೊಡಕು. ನೆಲ ಬೆಚ್ಚಗಾಗುವುದಿಲ್ಲ, ಮೊಳಕೆ ತಡವಾಗುತ್ತದೆ, ಗೊಂಡೆಹುಳು ಸಸಿ ತಿನ್ನುತ್ತದೆ. ಅಂಥಲ್ಲಿ ಮೆಕ್ಕೆಜೋಳದಂಥ ಅಗಲ ಸಾಲಿನ ಬೆಳೆಗೆ, ಬಿತ್ತುವ ಸಾಲಿನ ಪಟ್ಟಿಯನ್ನಷ್ಟೇ ಉತ್ತು ನಡುವಿನದನ್ನು ಹಾಗೇ ಬಿಡುತ್ತಾರೆ.

ಇನ್ನೊಂದು ಎಡವಟ್ಟು ಕೂರಿಗೆಯಲ್ಲಿ ಸಾಲು ಸೀಳುವ ತಟ್ಟೆಯದು, ಅಂದರೆ ಡಿಸ್ಕಿನದು. ಒದ್ದೆ ಹುಲ್ಲು ಕತ್ತರಿಸದೆ ಮಡಚಿ ಸಾಲಿನೊಳಗೆ ಇಳಿಯುತ್ತದೆ. ಬೀಜ ಹುಲ್ಲಿನ ಮೇಲೆ ಕೂತು ಮಣ್ಣು ತಾಗದೆ ಒಣಗುತ್ತದೆ. ಇಬ್ಬನಿ ಆರಿದ ಮೇಲೆ ಬಿತ್ತಿ, ಡಿಸ್ಕ್ ಹರಿತವಾಗಿಡಿ. ಕೊಯ್ಲಿನ ದಿನವೇ ಹೊಟ್ಟು ಯಂತ್ರದ ಪೂರ್ತಿ ಅಗಲಕ್ಕೆ ಹರಡುವಂತೆ ನೋಡಿಕೊಳ್ಳಿ, ಗುಡ್ಡೆ ಬಿದ್ದರೆ ಆಮೇಲೆ ಸರಿಪಡಿಸುವುದು ಕಷ್ಟ.

ಉಳುಮೆ ಬಿಟ್ಟವರಿಗೆ ಕಳೆನಾಶಕವೇ ಆಸರೆ. ಒಂದೇ ಬಗೆಯದನ್ನು ವರ್ಷವರ್ಷ ಹೊಡೆದು ಆಸ್ಟ್ರೇಲಿಯಾದ ರೈಗ್ರಾಸ್ ಕಳೆ ಅದಕ್ಕೆ ಜಗ್ಗದಂತಾಗಿದೆ. ಮಣ್ಣಿನ ಹುಳಿ ತಗ್ಗಿಸಲು ಮೇಲೆ ಚೆಲ್ಲಿದ ಸುಣ್ಣವೂ ಕೆಳಗಿಳಿಯಲು ವರ್ಷಗಟ್ಟಲೆ ಹಿಡಿಯುವುದರಿಂದ ಬೇರಿನ ಮಟ್ಟದಲ್ಲಿ ಹುಳಿ ಪದರ ಉಳಿಯುತ್ತದೆ. ಆಗ ಒಮ್ಮೆ ಸುಣ್ಣ ಹಾಕಿ ಆಳವಾಗಿ ಉತ್ತರೆ ತಪ್ಪೇನಿಲ್ಲ, ಇಳಿಜಾರಿಗೆ ಅಡ್ಡವಾಗಿ ಮತ್ತು ಗಾಳಿಯ ಕಾಲ ಕಳೆದ ಮೇಲೆ.